ಗೋಬರ್ ಗ್ಯಾಸ್ ಸ್ಲರಿಯ ಸತ್ವ ದಾರಿಯಲ್ಲೇ ಸೋರದಂತೆ ಹೊಲಕ್ಕೆ ಮುಟ್ಟಿಸುವುದು ಹೇಗೆ?

"ಗ್ಯಾಸ್ ಎಳ್ಕೊಂಡ ಮ್ಯಾಲ ಹೆಂಡ್ಯಾಗ ಏನ್ ಉಳಿತದ ತಮ್ಮಾ?" ಕಲಬುರಗಿ ಕಡೆ ಗೋಬರ್ ಗ್ಯಾಸ್ ಮಾತು ಬಂದರೆ ಯಾರಾದರೊಬ್ಬ ಹಿರಿಯರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಗೊಬ್ಬರಕ್ಕೆ ಬೇಕಾದ್ದು ಹೆಚ್ಚುಕಮ್ಮಿ ಎಲ್ಲಾ ಉಳಿತದ ಕಾಕಾ, ಅನ್ನುವುದೇ ಉತ್ತರ. ಒಲೆಯಲ್ಲಿ ಉರಿಯುವುದು ಮೀಥೇನ್. ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಗ್ಯಾಸ್ ಪೈಪಿನಲ್ಲಿ ಹೋಗುವುದಿಲ್ಲ, ಗ್ಯಾಸ್ ಬಿಟ್ಟುಕೊಟ್ಟ ಮೇಲೆ ಹೊರಬರುವ ತೆಳು ರಾಡಿಯಲ್ಲಿ, ಅಂದ್ರೆ ಸ್ಲರಿಯಲ್ಲೇ ಹೊರಗೆ ಬರುತ್ತವೆ.

ಆದರೂ ಕಾಕಾನ ಅನುಮಾನ ಪೂರ್ತಿ ಸುಳ್ಳಲ್ಲ. ಎಷ್ಟೋ ಹೊಲಗಳಲ್ಲಿ ಸ್ಲರಿ ಹಾಕಿದರೂ ಬೆಳೆಯಲ್ಲಿ ಫರಕು ಕಾಣುವುದಿಲ್ಲ. ಸತ್ವ ಕಳೆದುಹೋಗುವುದು ಸಗಣಿ ಕೊಳೆಯುವ ಮುಚ್ಚಿದ ತೊಟ್ಟಿಯ, ಅಂದ್ರೆ ಗ್ಯಾಸ್ ಡೋಮಿನ ಒಳಗಲ್ಲ. ಸ್ಲರಿ ಹೊರಗೆ ಬಂದ ಮೇಲೆ, ಗುಂಡಿಯಲ್ಲಿ, ತಿಪ್ಪೆಯಲ್ಲಿ, ಕೊನೆಗೆ ಹೊಲದ ಮೇಲ್ಮೈಯಲ್ಲಿ. ಅಂದ್ರೆ ತಡೆಯೋದು ನಮ್ಮ ಕೈಯಲ್ಲೇ ಇದೆ.

ಯಾವುದು ಹೇಗೆ ಹೋಗುತ್ತದೆ

ಮೂರಕ್ಕೂ ಮೂರು ಗುಣ. ಸಾರಜನಕ ಹಾರುತ್ತದೆ. ಪೊಟ್ಯಾಷ್ ಹರಿಯುತ್ತದೆ. ರಂಜಕ ತಳ ಹಿಡಿಯುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನ ಕೆಲಸಗಳೆಲ್ಲ ತಾವಾಗೇ ಅರ್ಥವಾಗುತ್ತವೆ.

ಹಸಿ ಸಗಣಿಯಲ್ಲಿ ಸಾರಜನಕ ಹೆಚ್ಚಾಗಿ ನಾರಿನ ಜೊತೆ, ಪ್ರೋಟೀನಿನ ಜೊತೆ ಕಟ್ಟಿಹಾಕಿದಂತೆ ಇರುತ್ತದೆ. ಡೋಮಿನೊಳಗೆ ಕೊಳೆತಾಗ ಅದರಲ್ಲಿ ಒಂದಿಷ್ಟು ಬಿಡುಗಡೆಯಾಗಿ ಅಮೋನಿಯಂ ಆಗುತ್ತದೆ. ಬರೀ ಸಗಣಿ ಹಾಕುವ ಕಡೆ ಇದು ಐದರಲ್ಲಿ ಒಂದು ಪಾಲಿನ ಆಸುಪಾಸು. ಗಂಜಲವನ್ನೂ ಸೇರಿಸುವ ಕಡೆ ಅರ್ಧದವರೆಗೂ ಹೋಗಬಹುದು. ಬೆಳೆ ತಕ್ಷಣ ಹೀರುವುದು ಈ ಪಾಲನ್ನೇ. ಹೊಸ ಸ್ಲರಿ ಕೊಟ್ಟ ಮೆಂತ್ಯೆ, ಪಾಲಕ್ ನಾಲ್ಕು ದಿನದಲ್ಲಿ ಕಡುಹಸಿರಾಗುವುದು ಇದರಿಂದಲೇ. ತೊಂದರೆ ಏನಂದ್ರೆ, ಗಾಳಿಗೆ ಹಾರಿಹೋಗುವುದೂ ಇದೇ ಪಾಲು. ಬಿಸಿಲು, ಗಾಳಿ, ತೆರೆದ ಮೇಲ್ಮೈ, ಕ್ಷಾರದ ಗುಣ, ಈ ನಾಲ್ಕೂ ಕೂಡಿದರೆ ಅಮೋನಿಯಂ ಅಮೋನಿಯಾ ಆಗಿ ಎದ್ದುಹೋಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು, ಸುಣ್ಣದಂಶ ಇರುವ ಎರೆ ಮಣ್ಣು. ನಮ್ಮ ಭಾಗದಲ್ಲಿ ನಾಲ್ಕೂ ಪುಕ್ಕಟೆ ಸಿಗುತ್ತವೆ.

ಪೊಟ್ಯಾಷ್ ನೀರಿನಲ್ಲಿ ಕರಗಿರುತ್ತದೆ. ಗುಂಡಿ ಸೋರಿದರೆ, ಮಳೆಗೆ ಉಕ್ಕಿದರೆ ನೀರಿನ ಹಿಂದೆಯೇ ಹೊರಟುಬಿಡುತ್ತದೆ. ರಂಜಕ ಎಲ್ಲೂ ಹೋಗುವುದಿಲ್ಲ, ಗುಂಡಿಯ ತಳದಲ್ಲಿ ರಾಡಿಯ ಜೊತೆ ಕೂತಿರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಕೆಟಿನಲ್ಲಿ ಎತ್ತುವವರಿಗೆ ಅದು ಸಿಗುವುದೇ ಇಲ್ಲ.

ಲೆಕ್ಕ ಒಂದ್ಸಲ ಹಾಕಿಬಿಡೋಣ

ನಾಲ್ಕೈದು ದನ ಇರುವ ಮನೆಯಲ್ಲಿ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಪ್ಲಾಂಟ್ ಇರುತ್ತದೆ. ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಒಳಗೆ 100 ಲೀಟರ್ ಹೋದರೆ ಹೊರಗೂ ಹತ್ತಿರಹತ್ತಿರ 100 ಲೀಟರ್ ಬರುತ್ತದೆ. ಗ್ಯಾಸಾಗಿ ಹೋಗುವ ತೂಕ ಎರಡು ಮೂರು ಕಿಲೋ ಅಷ್ಟೇ.

ಸಗಣಿಯಲ್ಲಿ ಸಾರಜನಕ ನೂರಕ್ಕೆ 0.35 ಅಂತ ಹಿಡಿದರೆ ದಿನಕ್ಕೆ 175 ಗ್ರಾಂ ಆಯಿತು. ವರ್ಷಕ್ಕೆ 64 ಕಿಲೋ. 45 ಕಿಲೋದ ಯೂರಿಯಾ ಚೀಲದಲ್ಲಿ ಇರುವ ಸಾರಜನಕ 20 ಕಿಲೋ ಚಿಲ್ಲರೆ. ಅಂದ್ರೆ ಮೂರು ಚೀಲ ಯೂರಿಯಾ ಹಿತ್ತಲಲ್ಲಿ ಹರಿಯುತ್ತಿದೆ. 20 ಲೀಟರಿನ ಒಂದು ಬಕೆಟ್ ಸ್ಲರಿ ಅಂದರೆ 35 ಗ್ರಾಂ ಸಾರಜನಕ, ಎರಡು ಮುಷ್ಟಿಯಷ್ಟು ಯೂರಿಯಾ. ದನದ ಮೇವಿನ ಮೇಲೆ ಈ ಅಂಕಿ ಹೆಚ್ಚುಕಮ್ಮಿ ಆಗುತ್ತದೆ. ಕಡಲೆ ಹೊಟ್ಟು, ಹಿಂಡಿ ತಿನ್ನುವ ದನದ ಸಗಣಿಗೂ ಬರೀ ಜೋಳದ ಕಣಿಕೆ ತಿನ್ನುವ ದನದ ಸಗಣಿಗೂ ಫರಕು ಇದ್ದೇ ಇದೆ.

"ಮೂರು ಚೀಲ ಯೂರಿಯಾಕ್ಕೆ ಇಷ್ಟೆಲ್ಲ ಒದ್ದಾಟ ಯಾಕೆ, ಸಬ್ಸಿಡಿಯಲ್ಲಿ ಸಿಗ್ತದಲ್ವಾ" ಅನ್ನಬಹುದು. ಯೂರಿಯಾಕ್ಕಷ್ಟೇ ಹೋಲಿಸಿದರೆ ಹೌದು. ಆದರೆ ಇದರ ಜೊತೆ ರಂಜಕ, ಪೊಟ್ಯಾಷ್, ಸತು, ಮಣ್ಣಿಗೆ ಬೇಕಾದ ಸಾವಯವ ಅಂಶ ಎಲ್ಲ ಸೇರಿವೆ. ಪೊಟ್ಯಾಷ್ ಚೀಲದ ರೇಟು ಯೂರಿಯಾದ ಹಾಗೆ ಅಗ್ಗ ಅಲ್ಲ ಅನ್ನೋದು ಅಂಗಡಿಗೆ ಹೋದವರಿಗೆಲ್ಲ ಗೊತ್ತು.

ಹೆಜ್ಜೆ 1: ಕೊಟ್ಟಿಗೆಯಿಂದ ಶುರು ಮಾಡಿ

ಸ್ಲರಿಯ ಮಾತಿಗೆ ಕೊಟ್ಟಿಗೆ ಯಾಕೆ ಅಂದರೆ, ಮೊದಲ ನಷ್ಟ ಅಲ್ಲೇ. ತೂಕಕ್ಕೆ ತೂಕ ನೋಡಿದರೆ ಗಂಜಲದಲ್ಲಿ ಸಗಣಿಗಿಂತ ಎರಡು ಪಟ್ಟಿಗೂ ಜಾಸ್ತಿ ಸಾರಜನಕ ಇರುತ್ತದೆ. ಪೊಟ್ಯಾಷ್ ಅಂತೂ ಹೆಚ್ಚಿನದು ಅದರಲ್ಲೇ. ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಅಷ್ಟೂ ನೆಲಕ್ಕೆ ಇಂಗುತ್ತದೆ.

ನೆಲಕ್ಕೆ ಫರ್ಸಿ (ಹಾಸುಗಲ್ಲು) ಹಾಸಿ, ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಒಂದು ಸಣ್ಣ ಕಾಲುವೆ ಮಾಡಿ ಗಂಜಲ ಒಂದು ಬಕೆಟಿಗೆ ಬರುವಂತೆ ಮಾಡಿ. ಅದನ್ನು ಸಗಣಿ ಕಲಸುವ ನೀರಿಗೆ ಸೇರಿಸಿ. 50 ಲೀಟರ್ ನೀರಿನ ಬದಲು 40 ಲೀಟರ್ ನೀರು, 10 ಲೀಟರ್ ಗಂಜಲ. ನೀರಿನ ಬದಲು ಪೂರ್ತಿ ಗಂಜಲ ಬೇಡ. ಅಮೋನಿಯಾ ಅತಿಯಾದರೆ ಗ್ಯಾಸ್ ಮಾಡುವ ಜೀವಾಣುಗಳು ಸೊರಗುತ್ತವೆ, ಒಲೆ ಮಂಕಾಗುತ್ತದೆ. ಫಿನೈಲ್, ಸಾಬೂನು ಹಾಕಿ ತೊಳೆದ ನೀರನ್ನೂ ಒಳಗೆ ಬಿಡಬೇಡಿ.

ಫರ್ಸಿ ಹಾಸಲು ಆಗದಿದ್ದರೆ ದನ ಬಿಟ್ಟ ಕಣಿಕೆ, ಕಸವನ್ನು ಕಾಲಡಿ ಹಾಸಿ. ಗಂಜಲ ಕುಡಿದ ಆ ಕಸವನ್ನು ಮುಂದೆ ಐದನೇ ಹೆಜ್ಜೆಯಲ್ಲಿ ಹೇಳುವ ಕಾಂಪೋಸ್ಟಿಗೆ ಹಾಕಬಹುದು.

ಹೆಜ್ಜೆ 2: ನೀರು ಅಳತೆಯಲ್ಲಿ

ಸಗಣಿ ಎಷ್ಟೋ ನೀರು ಅಷ್ಟೇ. ಪೈಪಿನಲ್ಲಿ ನೀರು ಬಿಟ್ಟುಕೊಂಡು ಕಣ್ಣಳತೆಯಲ್ಲಿ ಕಲಸಿದರೆ ನೀರೇ ಜಾಸ್ತಿ ಆಗುತ್ತದೆ. ಆಗ ಸಗಣಿ ಪೂರ್ತಿ ಕೊಳೆಯುವ ಮೊದಲೇ ಹೊರಗೆ ತಳ್ಳಿಸಿಕೊಳ್ಳುತ್ತದೆ. ಗ್ಯಾಸೂ ಕಮ್ಮಿ, ಗುಂಡಿಯೂ ಬೇಗ ತುಂಬಿ ಉಕ್ಕುತ್ತದೆ. ಒಂದು ಬುಟ್ಟಿ ಸಗಣಿಗೆ ಎಷ್ಟು ಬಕೆಟ್ ನೀರು ಅಂತ ಒಮ್ಮೆ ತೂಕ ಮಾಡಿ ಗೊತ್ತುಮಾಡಿಕೊಂಡರೆ ಸಾಕು.

ಹೆಜ್ಜೆ 3: ಗುಂಡಿ, ಅದರಲ್ಲೂ ಎರಡು

ಪ್ಲಾಂಟಿಗೆ ಅಷ್ಟು ಖರ್ಚು ಮಾಡಿ, ಸ್ಲರಿಯನ್ನು ಮಾತ್ರ ಹಿತ್ತಲಿನ ಹಳ್ಳದ ಕಡೆ ಬಿಟ್ಟಿರುತ್ತಾರೆ. ನನ್ನ ಪ್ರಕಾರ ಗುಂಡಿ ಕಟ್ಟದೆ ಪ್ಲಾಂಟ್ ಪೂರ್ತಿಯಾಯಿತು ಅನ್ನಲೇಬಾರದು.

3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿಯಲ್ಲಿ 6,000 ಲೀಟರ್ ಹಿಡಿಯುತ್ತದೆ. ದಿನಕ್ಕೆ 100 ಲೀಟರಿನಂತೆ ಎರಡು ತಿಂಗಳು. ಇಂಥವು ಎರಡು ಬೇಕು. ಒಂದು ತುಂಬುತ್ತಿರುವಾಗ ಇನ್ನೊಂದನ್ನು ಖಾಲಿ ಮಾಡುವುದು. ಗುಂಡಿಯಲ್ಲಿ ಸ್ಲರಿ ತುಂಬಿದಾಗಲೂ ಅದರ ಮಟ್ಟ ಪ್ಲಾಂಟಿನ ಹೊರಬಾಯಿಗಿಂತ ಕೆಳಗೇ ಇರಬೇಕು, ಇಲ್ಲವಾದರೆ ಸ್ಲರಿ ಹಿಂದಕ್ಕೆ ಒತ್ತುತ್ತದೆ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 15 ಮೀಟರ್ ದೂರ, ಅದೂ ಇಳಿಜಾರಿನ ಕೆಳಗಡೆ ಇರಲಿ.

ಗುಂಡಿಯ ಒಳಮೈ ಸೋರಬಾರದು. ಚಿತ್ತಾಪುರ, ಸೇಡಂ, ಶಹಾಬಾದ್ ಸುತ್ತಮುತ್ತ ಇರುವವರಿಗೆ ಫರ್ಸಿಗೆ ಬರ ಇಲ್ಲ. ಮನೆ ಕಟ್ಟಿದ ಮೇಲೆ ಉಳಿದ ತುಂಡು ಫರ್ಸಿಯೂ ನಡೆಯುತ್ತದೆ. ಆದರೆ ಎರೆ ಭೂಮಿಯಲ್ಲಿ ಒಂದು ಎಚ್ಚರ. ಮಳೆಗಾಲದಲ್ಲಿ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಫರ್ಸಿಯನ್ನು ನೇರ ಎರೆ ಮಣ್ಣಿಗೆ ಆನಿಸಿ ನಿಲ್ಲಿಸಿದರೆ ಮುಂದಿನ ಬೇಸಿಗೆಗೆ ಸಂದು ಬಿಟ್ಟಿರುತ್ತದೆ. ಅದಕ್ಕೇ ಗುಂಡಿಯನ್ನು ಒಂದು ಅಡಿ ದೊಡ್ಡದು ತೋಡಿ, ಕಲ್ಲಿನ ಹಿಂದೆ ಮತ್ತು ಕೆಳಗೆ ಮೊರಂ ತುಂಬಿ ಧಮ್ಮಸ್ಸು ಮಾಡಿ, ಆಮೇಲೆ ಫರ್ಸಿ ನಿಲ್ಲಿಸಿ ಸಂದಿಗೆ ಸಿಮೆಂಟ್ ಹಾಕಿ. ಅಷ್ಟು ದುಡ್ಡಿಲ್ಲದಿದ್ದರೆ ದಪ್ಪ ಸಿಲ್ಪಾಲಿನ್ (ಪ್ಲಾಸ್ಟಿಕ್) ಹಾಳೆ ಹಾಸಿದರೂ ಆಗುತ್ತದೆ. ಸಲಿಕೆ ತಾಗಿಸಬಾರದು ಅಷ್ಟೇ. ಬೀದರ್, ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಉಬ್ಬುವ ಕಾಟ ಇಲ್ಲ, ಆದರೆ ನೀರು ಇಂಗುವುದು ಬಲು ಬೇಗ. ಅಲ್ಲಿ ಒಳಮೈ ಇಲ್ಲದ ಗುಂಡಿ ಗುಂಡಿಯೇ ಅಲ್ಲ.

ಸುತ್ತ ಒಂದು ಅಡಿ ಎತ್ತರದ ಒಡ್ಡು ಹಾಕಿ, ಅಂಗಳದ ಮಳೆನೀರು ಒಳಗೆ ಬರಬಾರದು. ಮಕ್ಕಳು, ಕರುಗಳು ಬೀಳದಂತೆ ಬೇಲಿಯೂ ಬೇಕು. ಒಣಗಿದಂತೆ ಕಾಣುವ ಮೇಲಿನ ಪದರ ನೆಲದ ಹಾಗೇ ಇರುತ್ತದೆ, ಕಾಲಿಟ್ಟರೆ ಒಳಗೆ.

ಹೆಜ್ಜೆ 4: ನೆರಳು, ಮುಚ್ಚಿಗೆ, ಮತ್ತು ಬೂದಿ ಬೇಡ

ಗುಂಡಿಯ ಮೇಲೆ ಚಪ್ಪರ ಹಾಕಿ. ತಗಡು ಆಗಬಹುದು, ತೊಗರಿ ಕಟ್ಟಿಗೆ ಹೊದಿಸಿದ್ದೂ ಆಗಬಹುದು. ಬಿಸಿಲು ತಪ್ಪಿದರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಜೋಳದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ ಸ್ಲರಿಯ ಮೇಲೆ ಒಂದು ಗೇಣು ದಪ್ಪ ತೇಲಿಬಿಡಿ. ಅದು ಗಾಳಿಗೂ ಸ್ಲರಿಗೂ ನಡುವೆ ತಡೆ. ಕಲಕುತ್ತಾ ಇರಬೇಡಿ. ಕಲಕಿದಷ್ಟೂ ಅಮೋನಿಯಾ ಏಳುತ್ತದೆ. ಹೊಲಕ್ಕೆ ಒಯ್ಯುವ ದಿನ ಮಾತ್ರ ಉದ್ದನೆಯ ಬಿದಿರಿನಿಂದ ತಳದಿಂದ ಚೆನ್ನಾಗಿ ತಿರುವಿ, ಆಗ ರಂಜಕ ಮೇಲೆ ಬರುತ್ತದೆ.

ಪರೀಕ್ಷೆಗೆ ಮೂಗೇ ಸಾಕು. ಚೆನ್ನಾಗಿ ಕೊಳೆತ ಸ್ಲರಿಗೆ ಹಸಿ ಸಗಣಿಯ ವಾಸನೆ ಇರುವುದಿಲ್ಲ. ಬೆಳಗ್ಗೆ ಗುಂಡಿಯ ಹತ್ತಿರ ಬಗ್ಗಿದಾಗ ಮೂಗಿಗೆ ಚುರ್ ಅಂದರೆ, ಕಣ್ಣು ಉರಿದರೆ, ಸಾರಜನಕ ಹೊರಟಿದೆ ಅಂತಲೇ ಲೆಕ್ಕ. ಮೇಲ್ಮುಚ್ಚಿಗೆ ಹೆಚ್ಚಿಸಿ.

ಇನ್ನು ಬೂದಿ. ಒಲೆಯ ಬೂದಿಯನ್ನು ತಿಪ್ಪೆಗೆ ಸುರಿಯುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಸ್ಲರಿ ಗುಂಡಿಗೆ ಮಾತ್ರ ಬೂದಿಯನ್ನೂ ಸುಣ್ಣವನ್ನೂ ಹಾಕಲೇಬೇಡಿ. ಅವೆರಡೂ ಕ್ಷಾರ. ಬಿದ್ದ ಕೂಡಲೇ ಅಮೋನಿಯಂ ಅಮೋನಿಯಾ ಆಗಿ ಹಾರುತ್ತದೆ. ವಾಸನೆ ಹೋಗಲಿ ಅಂತ ಸುಣ್ಣ ಎರಚುವವರು ಸತ್ವವನ್ನೇ ಓಡಿಸುತ್ತಿದ್ದಾರೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಮ್ನೆ ಬಿಸಾಡಬೇಡಿ. ಅದನ್ನು ಬೇರೆ ಇಟ್ಟು ಬೇರೆ ದಿನ ಗಿಡಗಳಿಗೆ ಹಾಕಿ. ಎರೆ ಭೂಮಿಗಿಂತ ಕೆಂಪು ಮಣ್ಣಿಗೆ ಒಳ್ಳೆಯದು.

ಹೆಜ್ಜೆ 5: ಒಣಗಿಸಬೇಡಿ, ಕಸಕ್ಕೆ ಕುಡಿಸಿ

ಬಿಸಿಲಿಗೆ ಒಣಗಿಸುವುದರ ಆಸೆ ಅರ್ಥವಾಗುತ್ತದೆ. 100 ಲೀಟರ್ ಹೊರುವುದು ಯಾರಿಗೆ ಬೇಕು? ಒಣಗಿದರೆ ಅದೇ ಏಳೆಂಟು ಕಿಲೋ ಆಗುತ್ತದೆ, ಚೀಲ ತುಂಬಿ ಬಂಡಿಗೆ ಎಸೆದರಾಯಿತು. ಆದರೆ ಏಪ್ರಿಲ್ ಬಿಸಿಲಿಗೆ ತೆಳ್ಳಗೆ ಹರಡಿದ ಸ್ಲರಿ ಸಂಜೆಯ ಹೊತ್ತಿಗೆ ಹಪ್ಪಳದ ಹಾಗೆ ಎದ್ದಿರುತ್ತದೆ, ಅಮೋನಿಯಂ ಪಾಲು ಹೆಚ್ಚುಕಮ್ಮಿ ಪೂರ್ತಿ ಹೋಗಿರುತ್ತದೆ. ಉಳಿಯುವುದು ನಿಧಾನಕ್ಕೆ ಬಿಡುಗಡೆಯಾಗುವ ಪಾಲು, ರಂಜಕ ಮತ್ತು ಪೊಟ್ಯಾಷ್. ಅದೇನು ಕಸ ಅಲ್ಲ, ತಿಪ್ಪೆಗೊಬ್ಬರಕ್ಕಿಂತ ಮೇಲೇ. ಆದರೆ ತಕ್ಷಣ ಕೆಲಸ ಮಾಡುವ ಭಾಗವನ್ನು ನಾವೇ ಬಿಟ್ಟುಕೊಟ್ಟ ಹಾಗಾಯಿತು.

ಬೆಳೆ ಇಲ್ಲದ ತಿಂಗಳುಗಳಲ್ಲಿ ಸ್ಲರಿಯನ್ನು ಒಣ ಕಸಕ್ಕೆ ಕುಡಿಸಿ. ಆಳಂದ, ಅಫಜಲಪುರ, ಭಾಲ್ಕಿ ಕಡೆ ಕಬ್ಬು ಕಡಿದ ಮೇಲೆ ರವದಿಗೆ (ಕಬ್ಬಿನ ಒಣಗಿದ ಎಲೆಗೆ) ಬೆಂಕಿ ಹಚ್ಚುತ್ತಾರಲ್ವಾ, ಅದೇ ರವದಿ ಇದಕ್ಕೆ ಹೇಳಿ ಮಾಡಿಸಿದ್ದು. ಸೋಯಾ ಹೊಟ್ಟು, ದನ ಮುಟ್ಟದ ಕಣಿಕೆ, ಹತ್ತಿ ಕಟ್ಟಿಗೆಯ ಚೂರು ಕೂಡ ಆಗುತ್ತವೆ. ತೊಗರಿ ಹೊಟ್ಟು ಮೇವಾಗುತ್ತದೆ, ಅದನ್ನು ದನಕ್ಕೇ ಹಾಕಿ. ಒಂದು ಪಾಲು ಒಣ ಕಸಕ್ಕೆ ಮೂರು ಪಾಲು ಸ್ಲರಿ, ತೂಕದ ಲೆಕ್ಕದಲ್ಲಿ. ಒಂದು ಪದರ ಕಸ, ಅದರ ಮೇಲೆ ಸ್ಲರಿ, ಮತ್ತೆ ಕಸ. ಕೊನೆಗೆ ಮೇಲೆ ಎರಡು ಬೆರಳು ಮಣ್ಣು ಮುಚ್ಚಿ. ಒಣ ಕಸದಲ್ಲಿ ಇಂಗಾಲ ಜಾಸ್ತಿ. ಅದನ್ನು ತಿನ್ನುವ ಜೀವಾಣುಗಳಿಗೆ ಸಾರಜನಕ ಬೇಕು, ಸ್ಲರಿಯಲ್ಲಿರುವ ಅಮೋನಿಯಂ ಅನ್ನು ಹಿಡಿದು ತಮ್ಮ ಮೈಯಲ್ಲೇ ಇಟ್ಟುಕೊಳ್ಳುತ್ತವೆ. ಹಾರುವ ಸಾರಜನಕ ಹಾರದ ಸಾರಜನಕ ಆಗುತ್ತದೆ.

ಇದೇ ಕಾರಣಕ್ಕೆ ಅರ್ಧಂಬರ್ಧ ಕೊಳೆತದ್ದನ್ನು ಹೊಲಕ್ಕೆ ಹಾಕಬಾರದು. ಹೊಲದ ಸಾರಜನಕವನ್ನೂ ಅದು ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ. ಕೈ ಹಾಕಿದರೆ ಬಿಸಿ ಇರಬಾರದು, ರವದಿಯ ಆಕಾರ ಗುರುತು ಸಿಗಬಾರದು. ಎರಡು ಮೂರು ತಿಂಗಳು ಬೇಕು.

ಸಿಂಗಲ್ ಸೂಪರ್ ಫಾಸ್ಫೇಟ್ ಕೊಳ್ಳುವವರು ಅದನ್ನು ಇಲ್ಲೇ ಬಳಸಿ. ಒಂದು ಟನ್ ಗೊಬ್ಬರಕ್ಕೆ 20 ರಿಂದ 25 ಕಿಲೋ, ಪದರಗಳ ನಡುವೆ ಉದುರಿಸಿ. ಅದರ ಆಮ್ಲ ಗುಣವೂ ಅದರಲ್ಲಿರುವ ಜಿಪ್ಸಂ ಕೂಡ ಅಮೋನಿಯಾವನ್ನು ಹಿಡಿದಿಡುತ್ತವೆ. ಎರೆ ಮಣ್ಣಿನ ಸುಣ್ಣಕ್ಕೆ ಸಿಕ್ಕಿ ರಂಜಕ ಗಟ್ಟಿಯಾಗುವುದೂ ಸ್ವಲ್ಪ ತಪ್ಪುತ್ತದೆ. ಪ್ಲಾಂಟಿನ ಒಳಗೆ ಮಾತ್ರ ಹಾಕಬೇಡಿ. ಅಲ್ಲಿ ಅದರ ಗಂಧಕ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಆಗುತ್ತದೆ. ಈ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ: ಪ್ಲಾಂಟ್ ಖಾಲಿ ಮಾಡಿದ ಮೇಲೂ ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ.

ಹೆಜ್ಜೆ 6: ಹೊಲದಲ್ಲಿ, ಮಣ್ಣಿನ ಒಳಗೆ

ಇಷ್ಟೆಲ್ಲ ಕಾಪಾಡಿ ತಂದದ್ದನ್ನು ಒಂದೇ ಮಧ್ಯಾಹ್ನದಲ್ಲಿ ಕಳೆಯಬಹುದು. ಮಣ್ಣಿನ ಮೇಲೆ ಚೆಲ್ಲಿ ಬಿಟ್ಟ ಸ್ಲರಿಯಿಂದ ಅಮೋನಿಯಾ ಹೆಚ್ಚು ಹೋಗುವುದು ಮೊದಲ ಕೆಲವು ಗಂಟೆಗಳಲ್ಲೇ. "ಇವತ್ತು ಚೆಲ್ಲಿ, ನಾಳೆ ಹರಗೋಣ" ಅನ್ನುವಂತಿಲ್ಲ. ಮುಂದೆ ಸ್ಲರಿ ಬೀಳುತ್ತಿರಬೇಕು, ಅದರ ಹಿಂದೆಯೇ ಕುಂಟೆ ಬರುತ್ತಿರಬೇಕು. ಸಂಜೆ ನಾಲ್ಕರ ಮೇಲೆ ಅಥವಾ ಬೆಳಗಿನ ಜಾವ ಮಾಡಿ, ಗಾಳಿ ಜೋರಿರುವ ದಿನ ಬಿಡಿ.

ಒಂದು ಸಲ ಒಳಗೆ ಸೇರಿತೆಂದರೆ ಎರೆ ಮಣ್ಣಿನಂಥ ಮಣ್ಣಿಲ್ಲ. ಅದರ ಜೇಡಿಗೆ ಅಮೋನಿಯಂ ಮತ್ತು ಪೊಟ್ಯಾಷ್ ಎರಡನ್ನೂ ಗಟ್ಟಿಯಾಗಿ ಹಿಡಿದಿಡುವ ಗುಣ ಇದೆ. ಮೇಲೆ ಬಿಟ್ಟರೆ ಹಾರಿಸುವ ಮಣ್ಣು, ಮುಚ್ಚಿದರೆ ಕಾಪಾಡುವ ಮಣ್ಣು. ಕೆಂಪು ಮಸಾರಿಯಲ್ಲಿ ಆ ಹಿಡಿತ ಕಮ್ಮಿ. ಅಲ್ಲಿ ಒಂದೇ ಸಲ ಜಾಸ್ತಿ ಕೊಡದೆ ಎರಡು ಮೂರು ಕಂತಿನಲ್ಲಿ ಕೊಡಬೇಕು.

ಬೇಸಿಗೆಯಲ್ಲಿ ಎರೆ ಹೊಲ ಬಿರಿದಿರುತ್ತದೆ. ಕೈ ಇಳಿಯುವಷ್ಟು ಬಿರುಕು. ಅದರಲ್ಲಿ ಸ್ಲರಿ ಸುರಿದರೆ ಸೀದಾ ಆಳಕ್ಕೆ ಹೋಗುತ್ತದೆ, ಎಳೆ ಬೆಳೆಯ ಬೇರಿಗೆ ಸಿಗುವುದಿಲ್ಲ. ಮೊದಲು ಹರಗಿ ಬಿರುಕು ಮುಚ್ಚಿ, ಆಮೇಲೆ ಕೊಡಿ. ಮಿರಗದ (ಮೃಗಶಿರಾ) ಮಳೆಗೆ ಎರಡು ತಿಂಗಳ ಮೊದಲೇ ಹಾಕಿಟ್ಟರೂ ಲಾಭ ಕಮ್ಮಿ. ಬಿತ್ತನೆಗೆ ಹತ್ತು ಹದಿನೈದು ದಿನ ಇರುವಾಗ ಸರಿಯಾದ ಸಮಯ. ದೊಡ್ಡ ಮಳೆಯ ಸೂಚನೆ ಇದ್ದ ದಿನ ಮಾತ್ರ ಬೇಡ.

ನಿಂತ ಬೆಳೆಗೆ ಕೊಡುವಾಗ ಒಂದಕ್ಕೆ ಒಂದು ಅಥವಾ ಎರಡು ಪಾಲು ನೀರು ಬೆರೆಸಿ, ಸಾಲಿನಲ್ಲಿ ಹರಿಸಿ, ಎಡೆ ಹೊಡೆದು ಮುಚ್ಚಿ. ತೆಳ್ಳಗಿದ್ದರೆ ಬೇಗ ಇಂಗುತ್ತದೆ, ಬೇಗ ಇಂಗಿದಷ್ಟೂ ಹಾರುವುದು ಕಮ್ಮಿ. ಎಲೆಯ ಮೇಲೆ ಬೀಳಬಾರದು. ಕಾಲುವೆ ನೀರಿನ ಜೊತೆ ಬಿಡುವುದು ಎಲ್ಲಕ್ಕಿಂತ ಸಲೀಸು. ಬೋರಿನ ನೀರು ಬೀಳುವ ಜಾಗದಲ್ಲಿ ಒಂದು ಡ್ರಮ್ ಇಟ್ಟು, ನಲ್ಲಿ ಸಣ್ಣಗೆ ಬಿಟ್ಟರೆ ಸ್ಲರಿ ನೀರಿನ ಜೊತೆ ಸಮನಾಗಿ ಹೋಗುತ್ತದೆ. ಡ್ರಿಪ್ ಇದ್ದವರು ಸೋಸದೆ ಬಿಡಬೇಡಿ, ನಾರು ಸಿಕ್ಕಿ ತೂತೆಲ್ಲ ಕಟ್ಟುತ್ತದೆ.

ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸುರಪುರ, ಶಹಾಪುರದವರಿಗೆ ಕ್ರಮ ಬೇರೆ. ಒಣ ಗದ್ದೆಗೆ ಸ್ಲರಿ ಹಾಕಿ ವಾರಗಟ್ಟಲೆ ಬಿಟ್ಟರೆ ಅದರಲ್ಲಿರುವ ಅಮೋನಿಯಂ ಬದಲಾಗಿ ನೈಟ್ರೇಟ್ ಆಗುತ್ತದೆ. ಆಮೇಲೆ ನೀರು ನಿಲ್ಲಿಸಿದಾಗ ಆ ನೈಟ್ರೇಟ್ ಗಾಳಿಯಾಗಿ ಹೋಗುತ್ತದೆ, ಇಲ್ಲವೇ ನೀರಿನ ಜೊತೆ ಇಳಿದುಹೋಗುತ್ತದೆ. ಹಾಕಿದ ದಿನವೇ ರೊಳ್ಳೆ ಹೊಡೆದು ಕೆಸರಿನೊಳಗೆ ಸೇರಿಸಿ. ಒಂದು ವಾರ ಮಡಿಯ ನೀರು ಕೆಳಗಿನ ಮಡಿಗೆ ಹರಿಯದಂತೆ ಬಾಯಿ ಕಟ್ಟಿ. ಇಲ್ಲದಿದ್ದರೆ ಗೊಬ್ಬರ ನಿಮ್ಮದು, ಬೆಳೆ ಪಕ್ಕದವರದು.

ಹೆಜ್ಜೆ 7: ಯಾವ ಬೆಳೆಗೆ, ಎಷ್ಟು

ತೊಗರಿಗೆ ಸ್ಲರಿಯ ಸಾರಜನಕ ಸುರಿಯುವುದು ದುಂದು. ಅದು ತನ್ನ ಬೇರಿನ ಗಂಟುಗಳಲ್ಲಿ ಗಾಳಿಯಿಂದಲೇ ಸಾರಜನಕ ಮಾಡಿಕೊಳ್ಳುತ್ತದೆ. ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ. ಹಾಗಾಗಿ ಗುಂಡಿಯ ತಳದ ಗಟ್ಟಿ ರಾಡಿ ಮತ್ತು ಸೂಪರ್ ಫಾಸ್ಫೇಟ್ ಸೇರಿಸಿದ ಕಾಂಪೋಸ್ಟ್ ತೊಗರಿ, ಕಡಲೆ, ಹೆಸರಿಗೆ ಹೋಗಲಿ. ಮೇಲಿನ ತೆಳು ಸ್ಲರಿ ಜೋಳ, ಕಬ್ಬು, ಮೆಣಸಿನಕಾಯಿ, ತರಕಾರಿ, ಮೇವಿನ ಹುಲ್ಲಿಗೆ ಹೋಗಲಿ. ಹೀಗೆ ಬೇರೆಬೇರೆ ಎತ್ತುವಾಗ ಮಾತ್ರ ಗುಂಡಿ ತಿರುವಬೇಡಿ.

ಒಂದು ಗುಂಡಿಯ 6,000 ಲೀಟರಿನಲ್ಲಿ ಸಾರಜನಕ ಹತ್ತು ಕಿಲೋ. ಒಂದು ಎಕರೆ ಹಿಂಗಾರಿ ಜೋಳಕ್ಕೆ ಇದು ಒಳ್ಳೆಯ ಆಸರೆ. ಎಕರೆ ಕಬ್ಬಿಗೆ ಇದು ಏನೇನೂ ಸಾಲದು. "ಸ್ಲರಿ ಇದೆ, ಇನ್ನು ಅಂಗಡಿ ಗೊಬ್ಬರ ಪೂರ್ತಿ ಬಂದ್" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಕಿದ ಬಕೆಟ್ ಲೆಕ್ಕ ಇಟ್ಟು, ಅಷ್ಟು ಯೂರಿಯಾ ಮಾತ್ರ ಕಮ್ಮಿ ಮಾಡಿ.

ನಿಮ್ಮ ಸ್ಲರಿಯ ನಿಜವಾದ ಅಂಕಿ ಬೇಕಿದ್ದರೆ ಪ್ರಯೋಗಾಲಯಕ್ಕೆ ಕೊಡಬೇಕು. ಎಲ್ಲಿ ಮಾಡಿಕೊಡುತ್ತಾರೆ ಅಂತ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಗುಂಡಿಯನ್ನು ಚೆನ್ನಾಗಿ ತಿರುವಿ, ನಾಲ್ಕೈದು ಕಡೆಯಿಂದ ಒಂದೊಂದು ಚೊಂಬು ತೆಗೆದು ಬಕೆಟಿನಲ್ಲಿ ಬೆರೆಸಿ, ಅದರಲ್ಲಿ ಅರ್ಧ ಲೀಟರನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ. ಕಾಲು ಭಾಗ ಖಾಲಿ ಬಿಡಿ, ಒಳಗೆ ಗ್ಯಾಸ್ ಇನ್ನೂ ಆಗುತ್ತಿರುತ್ತದೆ, ಕಂಠಮಟ್ಟ ತುಂಬಿ ಬಿಗಿದರೆ ಬಸ್ಸಿನಲ್ಲೇ ಮುಚ್ಚಳ ಹಾರೀತು. ಬಾಟಲಿಗೆ ಒದ್ದೆ ಗೋಣಿತಟ್ಟು ಸುತ್ತಿ, ಅದೇ ದಿನ ಮುಟ್ಟಿಸಿ.